ಕಿವಿಯ ಪಾಠಕ್ಕೊಂದು ಪಿಎಚ್.ಡಿ.

ಸ್ವರ ಬರೆದ ಪುಸ್ತಕವಿಲ್ಲ, ಪಠ್ಯಕ್ರಮವಿಲ್ಲ, ಪರೀಕ್ಷೆಯಿಲ್ಲ. ಆದರೂ ಕುಂದಾಪುರ–ಬೈಂದೂರು ಸೀಮೆಯ ಮಕ್ಕಳು ತಲೆಮಾರುಗಳಿಂದ ತಾಳ ತಪ್ಪದೆ ಯಕ್ಷಗಾನದ ಪದ್ಯ ಕಲಿತಿದ್ದಾರೆ. ಹೇಗೆ ಕಲಿತರು? ರಾಗದ ಮೇಲೆ, ಗ್ರಂಥದ ಮೇಲೆ ಸಂಶೋಧನೆ ಮಾಡಿದ ನಾಡು ಕಲಿಕೆಯ ಮೇಲೂ ಸಂಶೋಧನೆ ಮಾಡಬೇಕಾದ ಕಾಲ ಬಂದಿದೆ. ಅದಕ್ಕೆ ಬೇಕಾದ ಪ್ರಯೋಗಶಾಲೆ ಬೈಂದೂರಿನ ಯಡ್ತರೆಯ ಸುತ್ತಲೇ ಇದೆ.

ಗದ್ದೆಯಲ್ಲಿ ತೆನೆ ಬಾಗಿದೆ. ಮನೆಯಲ್ಲಿ ಹೊಸ್ತಿನ ಕದಿರು ಕಟ್ಟಿ ಆಗಿದೆ. ಹೊತ್ತು ಮುಳುಗುವ ಸಮಯಕ್ಕೆ ಅಂಗಳದ ಆಚೆಯಿಂದ ಮದ್ದಳೆಯ ದನಿ ಕೇಳುತ್ತದೆ.

ಒಳಗೆ ಬರುವವರು ನಾಲ್ಕೈದು ಮಂದಿ. ತಾಳ ಹಿಡಿದ ಭಾಗವತರು, ಮದ್ದಳೆಗಾರರು, ಶ್ರುತಿ ಹಿಡಿಯುವವರು. ಅವರ ಹಿಂದೆ ಬಿಳಿ ಅಂಗಿ ತೊಟ್ಟು ತಲೆಗೆ ಟೊಪ್ಪಿ ಇಟ್ಟ ಇಬ್ಬರು ಮಕ್ಕಳು. ಅವರ ಕೈಯಲ್ಲಿ ಹೂವು ಸುತ್ತಿ ಸಿಂಗರಿಸಿದ ಕೋಲು. ಚಾವಡಿಯಲ್ಲಿ ಹಾಸಿದ ಚಾಪೆಯ ಮೇಲೆ ಮಕ್ಕಳು ಎದುರುಬದುರು ಕೂರುತ್ತಾರೆ. ಒಬ್ಬ ಕೃಷ್ಣ, ಇನ್ನೊಬ್ಬ ಅರ್ಜುನ.

ಭಾಗವತರು ಪದ್ಯ ಎತ್ತಿಕೊಳ್ಳುತ್ತಾರೆ. ಕೊನೆಯ ಸಾಲು ಇಳಿಯುತ್ತದೆ. ಮದ್ದಳೆ ಮುಕ್ತಾಯ ನುಡಿಸುತ್ತದೆ. ಸರಿಯಾಗಿ ಅದೇ ಗಳಿಗೆಗೆ ಹತ್ತು ವರ್ಷದ ಹುಡುಗನ ಮಾತು ಏಳುತ್ತದೆ. ಯಾರೂ ಕಣ್ಸನ್ನೆ ಮಾಡಿಲ್ಲ, ಯಾರೂ ಮಾತ್ರೆ ಎಣಿಸಿ ತೋರಿಸಿಲ್ಲ. ಹೇಳಿದ ಮಾತಿನ ಏರಿಳಿತ ಕೂಡ ಆಗಷ್ಟೇ ಮುಗಿದ ಪದ್ಯದ ಶ್ರುತಿಗೆ ಹತ್ತಿರದಲ್ಲೇ ಇದೆ.

ಇದು ಹೂವಿನಕೋಲು. ನವರಾತ್ರಿಯ ದಿನಗಳಲ್ಲಿ ಮನೆಯಿಂದ ಮನೆಗೆ ಹೋಗುವ ಮಕ್ಕಳ ಯಕ್ಷಗಾನ. ನೋಡುವವರಿಗೆ ಇದು ಹಬ್ಬದ ಸಂಭ್ರಮ. ಕಲಿಕೆಯ ಬಗ್ಗೆ ಯೋಚಿಸುವವರಿಗೆ ಇಲ್ಲಿ ದೊಡ್ಡದೊಂದು ಪ್ರಶ್ನೆಯಿದೆ: ಆ ಹುಡುಗ ಅದನ್ನು ಕಲಿತದ್ದು ಹೇಗೆ?

> ಹೂವಿನಕೋಲು: ಹಬ್ಬದ ವೇಷದ ಪಾಠಶಾಲೆ
>
> ▪ ಹಿಂದೆ ಊರಿನ ಐಗಳು, ಅಂದರೆ ಗುರುಗಳು, ತಮ್ಮಲ್ಲಿ ಓದುವ ಮಕ್ಕಳನ್ನು ಕಟ್ಟಿಕೊಂಡು ನವರಾತ್ರಿಯಲ್ಲಿ ಮನೆಮನೆಗೆ ಹೋಗುತ್ತಿದ್ದರು.
>
> ▪ ಮನೆಯವರನ್ನು ಹರಸುವ ಪದ, ಆಮೇಲೆ ಪ್ರಸಂಗವೊಂದರ ತುಣುಕು, ಕೊನೆಗೆ ಮಂಗಳ.
>
> ▪ ಮನೆಯವರು ಕೊಡುವ ಅಕ್ಕಿ, ಕಾಯಿ, ಹಣವೇ ಐಗಳಿಗೆ ಸಲ್ಲುವ ಕಾಣಿಕೆ.
>
> ▪ ನಡುವೆ ಮಂಕಾಗಿದ್ದ ಈ ಪದ್ಧತಿಗೆ ತೆಕ್ಕಟ್ಟೆ–ಕೊಮೆಯ ಯಶಸ್ವೀ ಕಲಾವೃಂದದಂಥ ಸಂಘಗಳು ಮತ್ತೆ ಜೀವ ತುಂಬಿವೆ.

ಹಾಡಿನ ಸಂಶೋಧನೆ ಬೇರೆ, ಕಲಿಕೆಯ ಸಂಶೋಧನೆ ಬೇರೆ

ಸಂಗೀತದಲ್ಲಿ ಪಿಎಚ್.ಡಿ. ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ನೆನಪಾಗುವುದು ಒಂದು ರಾಗದ ಚರಿತ್ರೆ, ಒಬ್ಬ ವಾಗ್ಗೇಯಕಾರನ ಕೃತಿಗಳು ಅಥವಾ ಒಂದು ಲಕ್ಷಣಗ್ರಂಥದ ವಿವೇಚನೆ. ಇವೆಲ್ಲ ಬೇಕು. ಇವುಗಳಿಂದಲೇ ಕನ್ನಡದಲ್ಲಿ ಸಂಗೀತಶಾಸ್ತ್ರಕ್ಕೆ ಘನತೆ ಬಂದಿದೆ.

ಸಂಗೀತ ಶಿಕ್ಷಣದ ಸಂಶೋಧನೆ ಕೇಳುವ ಪ್ರಶ್ನೆಗಳು ಬೇರೆ. ಮಗುವಿನ ಕಿವಿಗೆ ಶ್ರುತಿ ಯಾವಾಗ ಕೂರುತ್ತದೆ? ತಾಳ ಮೊದಲೋ ರಾಗ ಮೊದಲೋ? ಗುರು ತಪ್ಪನ್ನು ಹೇಗೆ ತಿದ್ದುತ್ತಾನೆ? ಕೆಲವರು ಬೇಗ ಕಲಿತು ಕೆಲವರು ನಡುವೆಯೇ ಬಿಡುವುದೇಕೆ? ಇಲ್ಲಿ ಪರೀಕ್ಷೆಗೆ ಒಳಗಾಗುವುದು ರಾಗವಲ್ಲ, ಕಲಿಸುವ ಕ್ರಮ.

ಈ ವಿದ್ಯೆಗೆ ನೂರು ವರ್ಷ ದಾಟಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್ 1919ರಲ್ಲಿ ಸ್ವರದ ಎತ್ತರ, ಲಯ, ನೆನಪಿನ ಶಕ್ತಿಯನ್ನು ಅಳೆಯುವ ಪರೀಕ್ಷೆಗಳನ್ನು ರೂಪಿಸಿದರು. ಅಂತರರಾಷ್ಟ್ರೀಯ ಸಂಗೀತ ಶಿಕ್ಷಣ ಸಂಘ 1953ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಈ ವಿಷಯಕ್ಕೇ ಮೀಸಲಾದ ಸಂಶೋಧನ ಪತ್ರಿಕೆ ಹೊರಟಿತು.

ಈ ಹಾದಿಯಲ್ಲಿ ಕರಾವಳಿಯವರು ಗಮನಿಸಬೇಕಾದ ಹೆಸರು ಹಂಗೇರಿಯ ಜೋಲ್ಟಾನ್ ಕೊಡಾಯಿ. ಅವರೂ ಬೇಲಾ ಬಾರ್ಟೋಕ್ ಕೂಡ 20ನೇ ಶತಮಾನದ ಮೊದಲ ದಶಕದಲ್ಲಿ ಹಳ್ಳಿ ಸುತ್ತಿ ಜನಪದ ಹಾಡುಗಳನ್ನು ಸಂಗ್ರಹಿಸಿದರು. ಮಗುವಿನ ಸಂಗೀತ ಶಿಕ್ಷಣ ಅದರ ತಾಯ್ನುಡಿಯ ಹಾಡಿನಿಂದಲೇ ಶುರುವಾಗಬೇಕು ಎಂಬುದು ಕೊಡಾಯಿಯ ನಿಲುವು. ಅದರ ಮೇಲೆ ಕಟ್ಟಿದ ಪದ್ಧತಿ ಹಂಗೇರಿಯ ಶಾಲೆಗಳನ್ನು ಸೇರಿ, ಅಲ್ಲಿಂದ ಲೋಕವೆಲ್ಲ ಹರಡಿತು.

ಆ ಪದ್ಧತಿ ಹುಟ್ಟಿದ್ದು ಊರಿನ ಹಾಡನ್ನು ಶ್ರದ್ಧೆಯಿಂದ ಕೇಳಿದ್ದರಿಂದ. ಹಾಗೆ ಕೇಳಲು ನಮ್ಮ ಸೀಮೆಯಲ್ಲಿ ಏನಿದೆ?

ಒಂದು ಊರಿನ ಕಿವಿ

ಯಡ್ತರೆ ಬೈಂದೂರು ಪೇಟೆಗೆ ಹೊಂದಿಕೊಂಡ ಊರು. ಪಡುವಣಕ್ಕೆ ಸೋಮೇಶ್ವರದ ಕಡಲು, ಮೂಡಣಕ್ಕೆ ಕೊಲ್ಲೂರಿನ ಕಾಡು. ಇಲ್ಲಿ ಬೆಳೆಯುವ ಮಗುವಿನ ಕಿವಿಗೆ ಬೀಳುವ ಸಂಗೀತ ಒಂದೇ ಬಗೆಯದಲ್ಲ.

ದೀಪಾವಳಿಯ ನಂತರ ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಹಿಡಿಯುವ ತನಕ ಒಂದಲ್ಲ ಒಂದು ಕಡೆ ಆಟ. ಮಾರಣಕಟ್ಟೆ ಮೇಳದ ಹರಕೆ ಆಟ, ಮಂದಾರ್ತಿ ಮೇಳದ ಆಟ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಆಟ. ಊರಿನ ಗುಡಿಯಲ್ಲಿ ಭಜನೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಪದಕ್ಕೇ ಕುಣಿಯುವ ಸೂತ್ರದ ಗೊಂಬೆಗಳು. ದೇವಣ್ಣ ಕಾಮತ್, ಕೊಗ್ಗ ಕಾಮತ್, ಭಾಸ್ಕರ ಕಾಮತ್ ಎಂದು ಮನೆತನವೇ ಹಿಡಿದುಕೊಂಡು ಬಂದ ವಿದ್ಯೆ.

ಕೊಲ್ಲೂರಿನಲ್ಲಿ ಇನ್ನೊಂದು ಲೋಕ. ಮೂಕಾಂಬಿಕೆಯ ಸನ್ನಿಧಿಯ ಸರಸ್ವತಿ ಮಂಟಪದಲ್ಲಿ ಹಾಡಿ, ಕುಣಿದು ಮೊದಲ ಸೇವೆ ಸಲ್ಲಿಸಲು ಕೇರಳ, ತಮಿಳುನಾಡುಗಳಿಂದಲೂ ಕಲಾವಿದರು ಬರುತ್ತಾರೆ. ಜನವರಿ 10ರ ತಮ್ಮ ಹುಟ್ಟುಹಬ್ಬದಂದು ಕೆ.ಜೆ. ಯೇಸುದಾಸ್ ಇಲ್ಲಿಗೆ ಬಂದು ಹಾಡುವ ರೂಢಿ ವರ್ಷಗಟ್ಟಲೆ ನಡೆಯಿತು. ವಿಜಯದಶಮಿಯಂದು ಸಾವಿರಾರು ಮಕ್ಕಳಿಗೆ ಇಲ್ಲಿ ಅಕ್ಷರಾಭ್ಯಾಸ.

ಹೀಗೆ ಒಂದೇ ಮಗು ಕರ್ನಾಟಕ ಸಂಗೀತವನ್ನೂ, ಭಜನೆಯ ಧಾಟಿಯನ್ನೂ, ಭಾಗವತಿಕೆಯನ್ನೂ, ಚಂಡೆಯ ಪೆಟ್ಟನ್ನೂ ಕೇಳುತ್ತ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ವಿದ್ವಾಂಸ ಮ್ಯಾಂಟಲ್ ಹುಡ್ 1960ರಲ್ಲಿ ಎರಡು ಸಂಗೀತಗಳಲ್ಲಿ ಪಳಗುವ ಸವಾಲಿನ ಬಗ್ಗೆ ಬರೆದ ಲೇಖನ ಇಂದಿಗೂ ಸಂಶೋಧಕರ ಓದಿನಲ್ಲಿದೆ. ಬೈಂದೂರಿನ ಮಗುವಿಗೆ ಎರಡಲ್ಲ, ನಾಲ್ಕು ಸಂಗೀತಗಳ ಒಡನಾಟ ಹುಟ್ಟಿನಿಂದಲೇ ಇದೆ.

ಇಡೀ ಪದ್ಯ ಮೊದಲು

ಕರ್ನಾಟಕ ಸಂಗೀತದ ಪಾಠ ಸರಳೆಯಿಂದ ಶುರು. ಮಾಯಾಮಾಳವಗೌಳದಲ್ಲಿ ಸ್ವರಗಳ ಸಾಲು, ಆಮೇಲೆ ಜಂಟಿವರಸೆ, ಅಲಂಕಾರ, ಗೀತೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಬಿಡಿ ಬಿಡಿ ಸ್ವರದಿಂದ ಇಡೀ ಹಾಡಿಗೆ ಹೋಗುವ ದಾರಿ ಇದು.

ಹಳೆಯ ಭಾಗವತರ ದಾರಿ ಇದಕ್ಕೆ ತಿರುಗುಮುರುಗು. ಶಿಷ್ಯ ಮೊದಲು ಹಿಡಿಯುವುದು ತಾಳ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ. ತಾಳ ಕೈಗೆ ಕೂತ ಮೇಲೆ ಆ ತಾಳದ ಒಂದು ಇಡೀ ಪದ್ಯ. ಪದ್ಯದೊಳಗೇ ರಾಗ, ಪದ್ಯದೊಳಗೇ ಸಾಹಿತ್ಯ, ಪದ್ಯದೊಳಗೇ ಸನ್ನಿವೇಶದ ಭಾವ. ಸ್ವರದ ಹೆಸರು ಬಾರದಿದ್ದರೂ ಮಧ್ಯಮಾವತಿ, ಸಾವೇರಿ, ಸೌರಾಷ್ಟ್ರಗಳ ಗುರುತು ಕಿವಿಗೆ ಹತ್ತಿರುತ್ತದೆ.

ಎರಡು ದಾರಿಗಳಲ್ಲಿ ಯಾವುದು ಹೆಚ್ಚು ಎಂದು ತೀರ್ಪು ಕೊಡುವುದು ಸಂಶೋಧನೆಯ ಕೆಲಸವಲ್ಲ. ಯಾವ ದಾರಿಯಲ್ಲಿ ಯಾವ ಶಕ್ತಿ ಬೆಳೆಯುತ್ತದೆ ಎಂದು ನೋಡುವುದು ಅದರ ಕೆಲಸ. ಸರಳೆಯಿಂದ ಬಂದವನಿಗೆ ಸ್ವರಜ್ಞಾನ ಗಟ್ಟಿ. ಪದ್ಯದಿಂದ ಬಂದವನಿಗೆ ವೇಷಧಾರಿಯ ಹೆಜ್ಜೆ ನೋಡಿ ಕ್ಷಣದಲ್ಲಿ ಲಯ ಏರಿಸುವ, ಪದ್ಯ ಬೆಳೆಸುವ, ಬಿಡ್ತಿಗೆ ಎಂಬ ಮುಕ್ತಾಯಕ್ಕೆ ತಂದು ನಿಲ್ಲಿಸುವ ಚುರುಕು. ಒಂದೇ ಮಗುವಿಗೆ ಎರಡೂ ದಕ್ಕುವಂತೆ ಪಾಠ ಕಟ್ಟಲು ಸಾಧ್ಯವೇ? ಹತ್ತಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದವರು ಮಾತ್ರ ಇದಕ್ಕೆ ಉತ್ತರ ಕೊಟ್ಟಾರು.

ರಾತ್ರಿಯೇ ಶಾಲೆಯಾಗಿದ್ದಾಗ

ಬೆಳಗಿನ ತನಕ ನಡೆಯುವ ಆಟದ ಮೊದಲ ಭಾಗ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಹೀಗೆ ಒಂದರ ನಂತರ ಒಂದು. ಆಗ ರಂಗದಲ್ಲಿರುವವರು ಕಲಿಯುವ ಹುಡುಗರು. ಪದ ಹೇಳುವವರೂ ಮುಖ್ಯ ಭಾಗವತರಲ್ಲ, ಮೇಳದಲ್ಲಿ ಸಂಗೀತಗಾರ ಎಂದು ಕರೆಸಿಕೊಳ್ಳುವ ಕಿರಿಯ ಭಾಗವತರು. ಮದ್ದಳೆಗೂ ಆ ಹೊತ್ತಿಗೆ ಕಿರಿಯರೇ.

ರಾತ್ರಿ ಏರಿದಂತೆ ಕಲಾವಿದರ ಅನುಭವವೂ ಏರುತ್ತದೆ. ಮುಖ್ಯ ಭಾಗವತರು ಬಂದು ಜಾಗಟೆಯನ್ನೋ ತಾಳವನ್ನೋ ಕೈಗೆತ್ತಿಕೊಂಡ ಮೇಲೆ ಕಿರಿಯರು ಬದಿಗೆ ಸರಿದು ಕೇಳುತ್ತಾರೆ. ಬೆಳಗಿನ ಜಾವದ ಪದ್ಯಗಳನ್ನು ಹಿರಿಯರ ಪಕ್ಕ ಕೂತು ಕೇಳಿದ್ದೇ ಪಾಠ. ಮರುದಿನ ರಾತ್ರಿ ಮತ್ತೆ ರಂಗ.

ಕಲಿಕೆಯ ಕಣ್ಣಿನಿಂದ ನೋಡಿದರೆ ಇದು ಅಚ್ಚುಕಟ್ಟಾದ ಏರುಮೆಟ್ಟಿಲು. ಹೊಸಬನಿಗೆ ನಿಜವಾದ ರಂಗ ಸಿಗುತ್ತದೆ, ತಪ್ಪಿದರೂ ಆಟ ಕೆಡುವುದಿಲ್ಲ, ಪ್ರತಿ ರಾತ್ರಿ ಹಿರಿಯರ ಮಾದರಿ ಕಣ್ಣೆದುರಿಗಿರುತ್ತದೆ. ಒಂದು ತಿರುಗಾಟದಲ್ಲಿ ಸಿಗುವ ಅಭ್ಯಾಸ ಯಾವ ತರಗತಿಯಲ್ಲೂ ಸಿಗುವಂಥದ್ದಲ್ಲ.

ಈಗ ಕಾಲಮಿತಿಯ ಆಟಗಳು ಹೆಚ್ಚಿವೆ. ಪ್ರೇಕ್ಷಕರಿಗೂ ಕಲಾವಿದರ ಆರೋಗ್ಯಕ್ಕೂ ಅದರಿಂದ ಅನುಕೂಲವಿದೆ. ಆದರೆ ಹೊತ್ತು ಉಳಿಸಲು ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಅಲ್ಲಿ ಕಡಿಮೆಯಾದದ್ದು ಕೆಲವು ಕುಣಿತಗಳಷ್ಟೇ ಅಲ್ಲ, ಏರುಮೆಟ್ಟಿಲಿನ ಕೆಳಗಿನ ಮೆಟ್ಟಿಲುಗಳು. ಅವುಗಳ ಜಾಗಕ್ಕೆ ಏನು ಬರಬೇಕು ಎಂಬುದನ್ನು ಅಧ್ಯಯನ ಮಾಡದೆ ಬಿಟ್ಟರೆ ಮುಂದಿನ ತಲೆಮಾರಿನ ಹಿಮ್ಮೇಳಕ್ಕೆ, ಅಂದರೆ ಭಾಗವತಿಕೆ, ಮದ್ದಳೆ, ಚಂಡೆಗಳಿಗೆ, ಅದು ನಷ್ಟ.

ಗುರುಮನೆಯಿಂದ ಕೇಂದ್ರಕ್ಕೆ

ಕಲಿಕೆಗೆ ಹೊಸ ನೆಲೆ ಬೇಕೆಂಬುದನ್ನು ಮೊದಲೇ ಕಂಡವರು ಕೆಲವರಿದ್ದರು. ಅವರಲ್ಲಿ ದೊಡ್ಡ ಹೆಸರು ಕೋಟದ ಶಿವರಾಮ ಕಾರಂತ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಕಾರಂತರು ಪದವಿಯಿಲ್ಲದೆಯೇ ಯಕ್ಷಗಾನದ ಮೊದಲ ದೊಡ್ಡ ಸಂಶೋಧಕರಾದರು. ಹಳೆಯ ಪ್ರಸಂಗಗಳ ಪ್ರತಿಗಳನ್ನು ನೋಡಿದರು, ಹಿರಿಯ ಭಾಗವತರಿಂದ ಹಾಡಿಸಿ ಕೇಳಿದರು. ಗೋಪನೀತೆ, ಮೆಚ್ಚಾಳಿ, ಕೊರವಿಯಂಥ ರಾಗಗಳು ಯಕ್ಷಗಾನಕ್ಕೆ ತನ್ನದೇ ಸಂಗೀತ ಪರಂಪರೆಯಿದೆ ಎಂಬುದಕ್ಕೆ ಸಾಕ್ಷಿಯಾದವು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಅದರ ಬೆನ್ನಿಗಿದ್ದವರು ಕಾರಂತರು, ಎಂಜಿಎಂ ಕಾಲೇಜಿನ ಕು.ಶಿ. ಹರಿದಾಸ ಭಟ್ಟರು, ಕಲಿಸಲು ವೀರಭದ್ರ ನಾಯಕ್, ನೀಲಾವರ ರಾಮಕೃಷ್ಣಯ್ಯನವರಂಥ ಗುರುಗಳು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ಅದೇ ಕೇಂದ್ರದಲ್ಲಿ ಕಲಿತು ಅದರ ಗುರುವಾಗಿ, ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೂ ಯಕ್ಷಗಾನ ಕಲಿಸಿದರು. ಐರೋಡಿಯ ಹಂಗಾರಕಟ್ಟೆಯ ಕಲಾಕೇಂದ್ರದಲ್ಲಿ ಭಾಗವತಿಕೆಗೆ ನಾರ್ಣಪ್ಪ ಉಪ್ಪೂರರ ಪಾಠವಿತ್ತು.

1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಶಾಲೆಗೆ ಹೋಗುವ ಮಕ್ಕಳೇ ಇಡೀ ಪ್ರಸಂಗವನ್ನು ಸಾಂಪ್ರದಾಯಿಕ ಕ್ರಮದಲ್ಲಿ ಆಡಿ ತೋರಿಸಿದರು. ಐವತ್ತು ವರ್ಷ ತುಂಬಿದ ಈ ಮೇಳದಲ್ಲಿ ಗೆಜ್ಜೆ ಕಟ್ಟಿದ ಮಕ್ಕಳು ಇಂದು ನಾನಾ ಕೆಲಸಗಳಲ್ಲಿದ್ದಾರೆ. ಬಾಲ್ಯದ ಆ ಕಲಿಕೆ ಅವರಲ್ಲಿ ಏನನ್ನು ಉಳಿಸಿತು? ಕಲಾವಿದರಾಗಿ, ಪ್ರೇಕ್ಷಕರಾಗಿ, ಪೋಷಕರಾಗಿ ಅವರು ಏನಾದರು? ಅರ್ಧ ಶತಮಾನದ ಇಂಥ ಜೀವಂತ ಸಾಮಗ್ರಿ ಸಂಗೀತ ಶಿಕ್ಷಣದ ಸಂಶೋಧಕರಿಗೆ ಬೇರೆಡೆ ಸುಲಭವಾಗಿ ಸಿಗದು.

ಕಲಿಸುವ ಕ್ರಮದಲ್ಲಿ ಹೊಸ ದಾರಿ ತೆರೆದವರೂ ಇದ್ದಾರೆ. ಭಾಗವತರೂ ವಿದ್ವಾಂಸರೂ ಆಗಿದ್ದ ಹೊಸ್ತೋಟ ಮಂಜುನಾಥ ಭಾಗವತರು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಯಕ್ಷಗಾನ ಕಲಿಸಿದರು. ನೋಡಿ ಕಲಿಯುವ ಹೆಜ್ಜೆಯನ್ನು ಮುಟ್ಟಿ, ಕೇಳಿ ಕಲಿಯುವಂತೆ ಮಾಡುವುದೆಂದರೆ ಪಾಠದ ಬುಡವನ್ನೇ ಹೊಸದಾಗಿ ಕಟ್ಟಿದಂತೆ. 2020ರಲ್ಲಿ ತೀರಿಕೊಂಡ ಅವರ ಈ ಕೆಲಸವನ್ನು ಶಿಕ್ಷಣಶಾಸ್ತ್ರದ ತರಗತಿಗಳಲ್ಲಿ ಓದಿಸಬೇಕು.

> ಹೊರಗಿನಿಂದ ಬಂದ ಕಿವಿಗಳು
>
> ▪ ಅಮೆರಿಕದ ಮಾರ್ತಾ ಆಶ್ಟನ್ ಹಿರಿಯಡಕ ಗೋಪಾಲ ರಾಯರನ್ನು ಗುರುವಾಗಿ ಪಡೆದು ಯಕ್ಷಗಾನದ ಬಡಗುತಿಟ್ಟು ಶೈಲಿಯನ್ನು ಕಲಿತರು. ಅದರ ಮೇಲೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಬರೆದರು. ಬ್ರೂಸ್ ಕ್ರಿಸ್ಟಿ ಜೊತೆಗಿನ ಅವರ ಇಂಗ್ಲಿಷ್ ಗ್ರಂಥ 1977ರಲ್ಲಿ ಬಂತು.
>
> ▪ ಏರು ಮದ್ದಳೆಯ ನಾದಕ್ಕೆ ಹೆಸರಾದ ಗೋಪಾಲ ರಾಯರು ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡರು.
>
> ▪ ಜರ್ಮನಿಯ ಕತ್ರಿನ್ ಬೈಂಡರ್ ಉಡುಪಿಯಲ್ಲಿ ಗೆಜ್ಜೆ ಕಟ್ಟಿ ಕಲಿತು, ಯಕ್ಷಗಾನವನ್ನೇ ತಮ್ಮ ಡಾಕ್ಟರೇಟ್ ವಿಷಯವಾಗಿಸಿಕೊಂಡರು.
>
> ▪ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕರಾವಳಿಯ ಕಲೆಗಳ ಧ್ವನಿ, ದೃಶ್ಯ ದಾಖಲೆಗಳನ್ನು ಕೂಡಿಟ್ಟ ಜಾಗ.

ಆಶ್ಟನ್ ಅವರ ಕೆಲಸದಲ್ಲಿ ಒಂದು ಪಾಠವಿದೆ. ಅವರು ಕಲೆಯನ್ನು ದೂರ ನಿಂತು ನೋಡಲಿಲ್ಲ. ಮೊದಲು ಶಿಷ್ಯೆಯಾದರು, ಆಮೇಲೆ ಸಂಶೋಧಕಿ. ಗುರು ಹೇಗೆ ಕಲಿಸುತ್ತಾರೆ ಎಂಬುದನ್ನು ತಿಳಿಯಲು ಗುರುವಿನ ಮುಂದೆ ಕೂರುವುದೇ ನೇರ ದಾರಿ. ಸಾವಿರಾರು ಮೈಲಿ ದೂರದಿಂದ ಬಂದವರು ಹಾಗೆ ಕೂತರು. ಯಡ್ತರೆಯ, ಶಿರೂರಿನ, ನಾವುಂದದ ಪದವೀಧರರಿಗೆ ಅಂಥ ಗುರುಗಳ ಮನೆ ಒಂದು ಬಸ್ಸಿನ ದೂರದಲ್ಲಿದೆ.

ಕ್ಯಾಸೆಟ್ ಎಂಬ ಗುರು

ನಾರ್ಣಪ್ಪ ಉಪ್ಪೂರರ ಶಿಷ್ಯ ಗುಂಡ್ಮಿ ಕಾಳಿಂಗ ನಾವಡರು ಬದುಕಿದ್ದು 1958ರಿಂದ 1990ರ ತನಕ ಮಾತ್ರ. ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ. ಆದರೆ ಬಡಗಿನ ಭಾಗವತಿಕೆಯನ್ನು ನಾವಡರಿಗಿಂತ ಮೊದಲು, ನಾವಡರ ನಂತರ ಎಂದು ಗುರುತಿಸುವವರಿದ್ದಾರೆ. ಹೊಸ ರಾಗಗಳನ್ನು ಪದ್ಯಕ್ಕೆ ತಂದ ಅವರ ದನಿ ಕ್ಯಾಸೆಟ್‌ಗಳಲ್ಲಿ ಕರಾವಳಿಯಿಂದ ಮಲೆನಾಡಿನ ತನಕ ಮನೆಮನೆ ಸೇರಿತು.

ಅಲ್ಲಿಗೆ ಕಲಿಕೆಯ ಚರಿತ್ರೆಯಲ್ಲಿ ಹೊಸ ಅಧ್ಯಾಯ ತೆರೆಯಿತು. ಗುರುವಿನ ಮುಂದೆ ಕೂರದೆಯೂ ಪದ್ಯ ಕಲಿಯಬಹುದಾಯಿತು. ಒಂದೇ ಸಾಲನ್ನು ಹಿಂದಕ್ಕೆ ತಿರುಗಿಸಿ ನೂರು ಸಲ ಕೇಳಬಹುದಾಯಿತು. ಇಂದಿನ ಹುಡುಗನಿಗೆ ಕ್ಯಾಸೆಟ್ ಬೇಡ, ಮೊಬೈಲಿನಲ್ಲಿ ಯೂಟ್ಯೂಬ್ ಇದೆ.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಹಳ್ಳಿಯ ಬಡ ಮಗುವಿಗೂ ದೊಡ್ಡ ಭಾಗವತರ ಪದ್ಯ ಸಿಕ್ಕಿತು. ಜೊತೆಗೆ ಒಂದೇ ದನಿಯ ಅನುಕರಣೆಯೂ ಬೆಳೆಯಿತು. ಗುರುವಿನ ಮುಂದೆ ಕೂತವನಿಗೆ ಇಲ್ಲಿ ಉಸಿರು ಬಿಡು, ಇಲ್ಲಿ ಸಾಹಿತ್ಯ ಒಡೆಯಬೇಡ, ಇದು ನಿನ್ನ ಗಂಟಲಿನ ಶ್ರುತಿಯಲ್ಲ ಎಂಬ ತಿದ್ದುಪಡಿ ಸಿಗುತ್ತದೆ. ಧ್ವನಿಮುದ್ರಣ ಅದನ್ನು ಹೇಳದು.

ಶ್ರುತಿಯ ಮಾತು ಹೆಣ್ಣುಮಕ್ಕಳಿಗೆ ಇನ್ನೂ ಮುಖ್ಯ. ಯಕ್ಷಗಾನದ ಇನ್ನೊಂದು ಶೈಲಿಯಾದ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಪರ ಮೇಳದಲ್ಲಿ ಭಾಗವತಿಕೆ ಮಾಡಿ ದಾರಿ ತೆರೆದರು. ಈಗ ಬಡಗಿನಲ್ಲೂ ತಾಳ ಹಿಡಿಯುವ ಹುಡುಗಿಯರಿದ್ದಾರೆ. ಪರಂಪರೆಯ ಪಾಠಗಳೆಲ್ಲ ಗಂಡಸರ ಗಂಟಲಿಗೆ ಹೊಂದಿಸಿದವು. ಹುಡುಗಿಯರ ದನಿಗೆ ಯಾವ ಶ್ರುತಿ ಹಿತ, ಆ ಶ್ರುತಿಗೆ ಮದ್ದಳೆ, ಚಂಡೆ ಹೇಗೆ ಹೊಂದಬೇಕು, ದನಿ ಒಡೆಯುವ ವಯಸ್ಸಿನ ಹುಡುಗರಿಗೆ ಎಷ್ಟು ಹಾಡಿಸಬಹುದು, ಇವೆಲ್ಲ ಮಕ್ಕಳ ಗಂಟಲಿನ ಆರೋಗ್ಯದ ಪ್ರಶ್ನೆಗಳು. ಒಳ್ಳೆಯ ಸಂಶೋಧನೆ ಇಲ್ಲಿ ನೇರವಾಗಿ ತರಗತಿಗೆ ಉಪಯೋಗವಾಗುತ್ತದೆ.

> ಹತ್ತನೇ ತರಗತಿಯಿಂದ ಡಾಕ್ಟರೇಟ್‌ಗೆ
>
> ▪ ಮೊದಲ ಹೆಜ್ಜೆ: ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಹಿಂದೂಸ್ತಾನಿ ಕಲಿಯುವವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳೂ ಇವೆ.
>
> ▪ ಪದವಿ, ಸ್ನಾತಕೋತ್ತರ: ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಜನಪದ ಕಲೆಗೆ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ.
>
> ▪ ಹತ್ತಿರದಲ್ಲಿ: ಮಂಗಳೂರು ವಿಶ್ವವಿದ್ಯಾಲಯದ ಯಕ್ಷಗಾನ ಅಧ್ಯಯನ ಕೇಂದ್ರ.
>
> ▪ ಅರ್ಹತೆ: ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ 55 ಅಂಕ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ.
>
> ▪ ನೆರವು: ನೆಟ್ ಪರೀಕ್ಷೆಯಲ್ಲಿ ಸಂಗೀತ, ಪ್ರದರ್ಶಕ ಕಲೆ, ಜಾನಪದ ಸಾಹಿತ್ಯ ಪ್ರತ್ಯೇಕ ವಿಷಯಗಳು. ಜೆಆರ್‌ಎಫ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ (2023ರ ಪರಿಷ್ಕರಣೆ).

ವಿಶ್ವವಿದ್ಯಾಲಯ ಮತ್ತು ವಿದ್ವಾಂಸರ ನಡುವೆ

ಸಂಗೀತ ಭಾರತದಲ್ಲಿ ಸಂಸ್ಥೆಗಳ ಒಳಗೆ ಬಂದದ್ದು ಹೆಚ್ಚಾಗಿ 20ನೇ ಶತಮಾನದಲ್ಲಿ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಭಾತಖಂಡೆಯವರ ಪ್ರಯತ್ನದಿಂದ 1926ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಬಂತು. ಮೈಸೂರು ವಿಶ್ವವಿದ್ಯಾಲಯ 1965ರಲ್ಲಿ ಸಂಗೀತ, ನೃತ್ಯಗಳಿಗೆ ಕಾಲೇಜು ಶುರುಮಾಡಿತು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವ ಪರಂಪರೆಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಕಲಿಸಿದರು. ಅವರ ಕೈಯಲ್ಲಿ ಸ್ನಾತಕೋತ್ತರ ಪದವಿ ಇರಲಿಲ್ಲ, ವಿದ್ಯೆಯಿತ್ತು. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತ್ತು. ಇಂದು ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ಹಾಗಾದರೆ ಬಡಗುತಿಟ್ಟಿನ ಹಿರಿಯ ಭಾಗವತರು, ಮದ್ದಳೆಗಾರರು ವಿಶ್ವವಿದ್ಯಾಲಯದ ಒಳಗೆ ಗುರುಗಳಾಗಿ ಕೂರಲು ಅಡ್ಡಿಯೇನು? ಕಾನೂನಿನ ಅಡ್ಡಿಯಂತೂ ಇಲ್ಲ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಮಾರ್ಗಸೂಚಿ ಕೊಟ್ಟಿತು. ತಮ್ಮ ಕ್ಷೇತ್ರದಲ್ಲಿ 15 ವರ್ಷ ಪಳಗಿದವರಿಗೆ ಪದವಿಯ ಷರತ್ತಿಲ್ಲ. ಮಂಜೂರಾದ ಹುದ್ದೆಗಳ ಶೇ 10ರ ತನಕ ಇಂಥವರನ್ನು ತೆಗೆದುಕೊಳ್ಳಬಹುದು. ಮರುವರ್ಷ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇರಿಸಿಕೊಳ್ಳಲು ಬೇರೆಯೇ ಮಾರ್ಗಸೂಚಿ ಬಂತು.

ಬಾಗಿಲು ತೆರೆದಿದೆ. ಅದರೊಳಗೆ ಕರೆತರುವ ಮನಸ್ಸು ಬೇಕು.

> ಇಲ್ಲಿಂದಲೇ ಹುಟ್ಟಬಹುದಾದ ಐದು ಪ್ರಬಂಧಗಳು
>
> 1. ಹೂವಿನಕೋಲಿನ ಮಕ್ಕಳಲ್ಲಿ ತಾಳ ಮತ್ತು ಮಾತಿನ ಹೊಂದಿಕೆ: ಒಂದು ನವರಾತ್ರಿಯಿಂದ ಇನ್ನೊಂದಕ್ಕೆ ಆಗುವ ಬೆಳವಣಿಗೆ.
>
> 2. ಸರಳೆಯಿಂದ ಕಲಿತವರು, ಪದ್ಯದಿಂದ ಕಲಿತವರು: ಸ್ವರಜ್ಞಾನ, ನೆನಪು, ರಂಗದ ಚುರುಕಿನ ಹೋಲಿಕೆ.
>
> 3. ಪೂರ್ವರಂಗ ಮೊಟಕಾದ ಮೇಲೆ ಕಿರಿಯ ಭಾಗವತರಿಗೆ ಸಿಗುವ ಅಭ್ಯಾಸ.
>
> 4. ಕ್ಯಾಸೆಟ್, ಯೂಟ್ಯೂಬ್, ಗುರುಮನೆ: ಮೂರು ಬಗೆಯ ಕಲಿಕೆಯಲ್ಲಿ ಅನುಕರಣೆ ಮತ್ತು ಸ್ವಂತಿಕೆ.
>
> 5. ಹುಡುಗಿಯರ ದನಿ, ಹಿಮ್ಮೇಳದ ಶ್ರುತಿ ಮತ್ತು ಗಂಟಲಿನ ಆರೋಗ್ಯ.

ಸಂಶೋಧಕನ ಚೀಲದಲ್ಲಿ ಏನಿರಬೇಕು

ಇಂಥ ಅಧ್ಯಯನಕ್ಕೆ ದೊಡ್ಡ ಯಂತ್ರ ಬೇಡ. ಒಳ್ಳೆಯ ಧ್ವನಿಮುದ್ರಕ, ಪಾಠದ ಕೋಣೆಯ ಮೂಲೆಯಲ್ಲಿ ಒಂದು ಕ್ಯಾಮೆರಾ, ದಿನಚರಿಯ ಪುಸ್ತಕ. ಮಕ್ಕಳ, ತಂದೆತಾಯಿಯ, ಗುರುವಿನ ಲಿಖಿತ ಒಪ್ಪಿಗೆ. ಅದಕ್ಕಿಂತ ಹೆಚ್ಚಾಗಿ ತಾಳ್ಮೆ. ಒಂದು ದಿನದ ಪಾಠದಲ್ಲಿ ಗುರು ಎಷ್ಟು ಸಲ ಹಾಡಿ ತೋರಿಸಿದರು, ಎಷ್ಟು ಸಲ ಮಾತಿನಲ್ಲಿ ವಿವರಿಸಿದರು, ಎಷ್ಟು ಸಲ ಸುಮ್ಮನೆ ತಾಳದ ಮೇಲೊಂದು ಪೆಟ್ಟು ಕೊಟ್ಟು ತಪ್ಪು ತೋರಿಸಿದರು ಎಂದು ಬರೆದಿಟ್ಟರೆ ಅದೇ ಮೊದಲ ಅಧ್ಯಾಯದ ಸಾಮಗ್ರಿ.

ಅಮೆರಿಕದ ಪೆಟ್ರೀಷಿಯಾ ಶೀಹನ್ ಕ್ಯಾಂಪ್‌ಬೆಲ್ 1998ರಲ್ಲಿ ಪ್ರಕಟಿಸಿದ ಗ್ರಂಥವೊಂದು ಹೀಗೆಯೇ ರೂಪುಗೊಂಡದ್ದು. ಆಟದ ಮೈದಾನದಲ್ಲಿ, ಊಟದ ಹೊತ್ತಿನಲ್ಲಿ ಮಕ್ಕಳು ಗುನುಗುವುದನ್ನು ಕೇಳಿ, ಅವರೊಂದಿಗೆ ಮಾತಾಡಿ ಅವರು ಬರೆದರು. ಶಾಲೆ ಕಲಿಸುವ ಮೊದಲೇ ಮಕ್ಕಳಲ್ಲಿ ಸಂಗೀತ ಇರುತ್ತದೆ ಎಂಬುದನ್ನು ಅದು ತೋರಿಸಿತು. ಹಾಗೆ ಕೇಳಿ ಬರೆಯಲು ನಮ್ಮಲ್ಲೂ ಅವಕಾಶವಿದೆ. ಉಡುಪಿಯ ಯಕ್ಷಗಾನ ಕಲಾರಂಗದ ಬೆಂಬಲದಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿದೆ. ವರ್ಷವೂ ಹೊಸ ಮಕ್ಕಳು ಬರುತ್ತಾರೆ, ಕಲಿಯುತ್ತಾರೆ, ರಂಗ ಏರುತ್ತಾರೆ. ಅವರ ನಡುವೆ ದಿನಚರಿ ಹಿಡಿದು ಕೂರುವ ಸಂಶೋಧಕರು ಬೇಕು.

ಗುರುಗಳಿಗೆ ಇದರಿಂದ ಏನು ಸಿಗಬೇಕು ಎಂಬುದೂ ಮುಖ್ಯ. ಈ ತನಕ ಬಹಳಷ್ಟು ಸಂಶೋಧನೆಗಳಲ್ಲಿ ಕಲಾವಿದರು ಮಾಹಿತಿ ಕೊಡುವವರಾಗಿ ಕೃತಜ್ಞತೆಯ ಪುಟದಲ್ಲಿ ಉಳಿದರು. ಪಾಠದ ಕ್ರಮವೇ ಅಧ್ಯಯನದ ವಸ್ತುವಾದಾಗ ಆ ಕ್ರಮವನ್ನು ಕಟ್ಟಿದ ಗುರು ಮಾರ್ಗದರ್ಶಕರ ಸಾಲಿನಲ್ಲಿ ಇರಬೇಕು. ಅವರ ಸಮಯಕ್ಕೆ ಗೌರವಧನ ಸಲ್ಲಬೇಕು. ಧ್ವನಿಮುದ್ರಣದ ಒಂದು ಪ್ರತಿ ಅವರ ಮನೆಗೂ ಇನ್ನೊಂದು ಊರಿನ ಗ್ರಂಥಾಲಯಕ್ಕೂ ಬರಬೇಕು. ಪ್ರಬಂಧ ಕನ್ನಡದಲ್ಲಿರಬೇಕು, ಅದರ ಸಾರ ಶಾಲೆಯ ಶಿಕ್ಷಕರಿಗೆ ಅರ್ಥವಾಗುವ ಕೈಪಿಡಿಯಾಗಬೇಕು.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯ, ಮಂಗಳೂರಿನ ಅಧ್ಯಯನ ಕೇಂದ್ರ, ಉಡುಪಿಯ ದಾಖಲೆ ಕೇಂದ್ರ, ರಾಜ್ಯದ ಯಕ್ಷಗಾನ ಅಕಾಡೆಮಿ ಒಟ್ಟಾಗಿ ಒಂದು ಕೆಲಸ ಮಾಡಬಹುದು. ಯಕ್ಷಗಾನ ಹಿಮ್ಮೇಳದ ಶಿಕ್ಷಣವನ್ನೇ ವಿಷಯವಾಗಿಸಿಕೊಂಡ ಕೆಲವು ಸಂಶೋಧನ ವೇತನಗಳನ್ನು ಕರಾವಳಿಯ ವಿದ್ಯಾರ್ಥಿಗಳಿಗೆ ಮೀಸಲಿಟ್ಟು, ಪ್ರತಿಯೊಬ್ಬರಿಗೂ ಒಬ್ಬ ಪ್ರಾಧ್ಯಾಪಕ, ಒಬ್ಬ ಭಾಗವತ ಅಥವಾ ಮದ್ದಳೆಗಾರ ಎಂದು ಇಬ್ಬರು ಗುರುಗಳನ್ನು ಕೊಡುವುದು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾಯ್ದೆಯೂ ಬೇಡ.

ಹಿರಿಯ ಗುರುಗಳು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಅವರು ಹಾಡಿದ್ದು ಧ್ವನಿಮುದ್ರಣದಲ್ಲಿ ಉಳಿಯುತ್ತದೆ. ಕಲಿಸಿದ ಬಗೆ ಶಿಷ್ಯರಲ್ಲಿ ಮಾತ್ರ ಉಳಿಯುತ್ತದೆ, ಅದೂ ಅರ್ಧ. ಈ ವರ್ಷ ಸ್ನಾತಕೋತ್ತರ ಪದವಿ ಮುಗಿಸಿ ವಿಷಯ ಹುಡುಕುತ್ತಿರುವ ಕರಾವಳಿಯ ಪ್ರತಿ ಸಂಗೀತ ವಿದ್ಯಾರ್ಥಿಯೂ ಮೊದಲು ತನ್ನ ಊರಿನ ಗುರುವಿನ ಪಾಠಕ್ಕೆ ಹೋಗಿ ಕೂರಲಿ. ಅರ್ಜಿಯ ನಮೂನೆಯಲ್ಲಿ ವಿಷಯದ ಹೆಸರು ಬರೆಯುವ ಕೆಲಸ ಆಮೇಲಿರಲಿ.